ಟಿಕೆಟ್ಟಿನ ಜಾತಕ ಕೋರ್ಟಿನಲ್ಲಿ

"ಟಿಕೆಟ್" ಅಂದ್ರೆ ನಮ್ಮಲ್ಲಿ ಬಸ್ಸಿನದ್ದು, ಸಿನಿಮಾದ್ದು, ಚುನಾವಣೆಯದ್ದು. "ಟಿಕೆಟ್ ತಗೊಂಡ" ಅಂದ್ರಂತೂ ಆಸಾಮಿ ಶಿವನ ಪಾದ ಸೇರಿದ ಅಂತಲೇ ಅರ್ಥ. ಅಮೆರಿಕದಲ್ಲಿರೋ ನಮ್ಮ ಗೆಳೆಯರ ಬಾಯಲ್ಲಿ ಮಾತ್ರ ಈ ಪದದ ಕಥೆಯೇ ಬೇರೆ. "ನಿನ್ನೆ ಹೈವೇನಲ್ಲಿ ಟಿಕೆಟ್ ಸಿಕ್ತು ಕಣೋ" ಅಂತ ಯಾರಾದ್ರೂ ಹೇಳಿದ್ರೆ ಗಾಬರಿಯಾಗಬೇಡಿ. ಜೋರಾಗಿ ಗಾಡಿ ಓಡಿಸಿದ್ದಕ್ಕೆ ಪೊಲೀಸ್ ಹಿಡಿದು ಚೀಟಿ ಬರೆದುಕೊಟ್ಟಿದ್ದಾನೆ, ಅಷ್ಟೆ :)

ಈ ಚೀಟಿಗೆ ಒಂದು ಕೆಟ್ಟ ಅಭ್ಯಾಸ ಇದೆ. ದಂಡ ಕಟ್ಟಿ ಮರೆತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ಎದ್ದು ಬರುತ್ತೆ. ಅಮೆರಿಕದ ಪೌರತ್ವಕ್ಕೆ ಹಾಕುವ ಎನ್-400 ಅನ್ನೋ ಅರ್ಜಿಯಲ್ಲಿ, ಪೊಲೀಸರು ನಿಮ್ಮನ್ನು ಎಂದಾದರೂ ಬಂಧಿಸಿದ್ದಾರಾ, ನಿಮ್ಮ ಮೇಲೆ ಎಂದಾದರೂ ಚೀಟಿ ಬರೆದಿದ್ದಾರಾ ಅಂತ ಕೇಳ್ತಾರೆ. ಬಂಧನ ಆಗದೆ, ಕುಡಿತ ಅಥವಾ ಮಾದಕ ವಸ್ತುವಿನ ಸಂಬಂಧ ಇಲ್ಲದೆ, 500 ಡಾಲರಿಗಿಂತ ಕಡಿಮೆ ದಂಡದಲ್ಲಿ ಮುಗಿದ ಟ್ರಾಫಿಕ್ ತಪ್ಪಿಗೆ ದಾಖಲೆ ಲಗತ್ತಿಸಬೇಕಿಲ್ಲ. ಆದ್ರೂ ಯಾವ ದಿನ, ಯಾವ ಊರು, ಕೊನೆಗೆ ಏನಾಯ್ತು ಅಂತ ಬರೀಬೇಕಲ್ಲ? ಚೀಟಿ ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಗಿರುತ್ತೆ. ನೆನಪು ಅದಕ್ಕಿಂತ ಮೊದಲೇ ಹೋಗಿರುತ್ತೆ.

ಎಲ್ಲಿ ಹುಡುಕೋದು? ನಮ್ಮೂರಿನ ಲೆಕ್ಕದಲ್ಲಿ ಯೋಚಿಸಿದ್ರೆ ಪೊಲೀಸ್ ಸ್ಟೇಷನ್ನು, ಇಲ್ಲಾಂದ್ರೆ ಆರ್‌ಟಿಓ. ಆದರೆ ಅಲ್ಲಿ ಮೂಲ ದಾಖಲೆ ಇರೋದು ಕೋರ್ಟಿನಲ್ಲಿ. ಮೇರಿಲ್ಯಾಂಡ್, ಮಿಷಿಗನ್, ವರ್ಜೀನಿಯಾ, ಕೆಂಟಕಿಯಂಥ ರಾಜ್ಯಗಳಲ್ಲಿ ಅದರ ಹೆಸರು ಡಿಸ್ಟ್ರಿಕ್ಟ್ ಕೋರ್ಟ್. ಐವತ್ತು-ನೂರು ಡಾಲರಿನ ದಂಡದ ಚೀಟಿಗೆ ಕೋರ್ಟಿನಲ್ಲಿ ಏನು ಕೆಲಸ ಅನ್ನಿಸುತ್ತಲ್ವಾ? ನನಗೂ ಹಾಗೇ ಅನ್ನಿಸಿ ಓದ್ತಾ ಹೋದೆ. ಓದ್ತಾ ಓದ್ತಾ ಇದು ನೂರೈವತ್ತು ವರ್ಷಗಳ ದೊಡ್ಡ ಕಥೆ ಅಂತ ಗೊತ್ತಾಯ್ತು. ಅದನ್ನೇ ಇಲ್ಲಿ ಹೇಳ್ತೀನಿ.

ಅಧ್ಯಕ್ಷರಿಗೂ ಬಿಡಲಿಲ್ಲ

ಮೋಟಾರು ಕಾರು ಹುಟ್ಟುವ ಮೊದಲೇ ಅತಿವೇಗದ ಕೇಸುಗಳಿದ್ದವು, ಕುದುರೆಗಾಡಿಗಳ ಮೇಲೆ. ಇವುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಅಮೆರಿಕದ ಅಧ್ಯಕ್ಷ ಯುಲಿಸಿಸ್ ಗ್ರಾಂಟ್‌ದು. ಗ್ರಾಂಟ್‌ಗೆ ಕುದುರೆ ಅಂದ್ರೆ ಪ್ರಾಣ. 1872ರಲ್ಲಿ ವಾಷಿಂಗ್ಟನ್ನಿನ ಬೀದಿಯಲ್ಲಿ ಜೋರಾಗಿ ಗಾಡಿ ಓಡಿಸ್ತಿದ್ದಾಗ ವಿಲಿಯಂ ವೆಸ್ಟ್ ಅನ್ನೋ ಪೊಲೀಸ್ ಪೇದೆ ಅವರನ್ನು ತಡೆದನಂತೆ. ವೆಸ್ಟ್ ಕಪ್ಪು ಜನಾಂಗದವನು, ಅಂತರ್ಯುದ್ಧದಲ್ಲಿ ಹೋರಾಡಿದ್ದ ಸೈನಿಕ. ಮೊದಲ ದಿನ ಎಚ್ಚರಿಕೆ ಕೊಟ್ಟು ಬಿಟ್ಟ. ಮರುದಿನ ಮತ್ತೆ ಅದೇ ಕಥೆ. ಈ ಸಲ ಬಿಡದೆ ಠಾಣೆಗೆ ಕರೆದೊಯ್ದ. ಗ್ರಾಂಟ್ 20 ಡಾಲರ್ ಠೇವಣಿ ಇಟ್ಟರು, ವಿಚಾರಣೆಯ ದಿನ ಕೋರ್ಟಿಗೆ ಹೋಗಲಿಲ್ಲ, ಠೇವಣಿ ಮುಟ್ಟುಗೋಲಾಯ್ತು.

ಕಥೆ ಚೆನ್ನಾಗಿದೆ. ಆದರೆ ಇದಕ್ಕೆ ಮುಖ್ಯ ಆಧಾರ ಯಾವುದು ಗೊತ್ತಾ? ಘಟನೆ ಆಗಿ 36 ವರ್ಷಗಳ ನಂತರ, 1908ರಲ್ಲಿ, ವಾಷಿಂಗ್ಟನ್ನಿನ ಪತ್ರಿಕೆಯೊಂದರಲ್ಲಿ ಬಂದ ವೆಸ್ಟ್‌ನ ನೆನಪುಗಳು. 1866ರಲ್ಲಿ, ಇನ್ನೂ ಸೇನಾಪತಿಯಾಗಿದ್ದಾಗ ಗ್ರಾಂಟ್ ಇದೇ ತಪ್ಪಿಗೆ ಸಿಕ್ಕಿಬಿದ್ದದ್ದನ್ನು ಆಗಿನ ಪತ್ರಿಕೆಗಳು ಕೂಡಲೇ ವರದಿ ಮಾಡಿದ್ದವು. ಆದರೆ 1872ರ ಘಟನೆ ಒಬ್ಬ ಮುದುಕನ ನೆನಪಿನ ಮೇಲೆ ನಿಂತಿದೆ. ಇವತ್ತಿಗೂ ಅದು ನಡೆದದ್ದು ಹೌದೋ ಅಲ್ಲವೋ ಅಂತ ಚರ್ಚೆ ನಡೀತಾನೇ ಇದೆ. ಕೋರ್ಟಿನ ರಿಜಿಸ್ಟರಿನ ಒಂದೇ ಒಂದು ಸಾಲು ಕೈಯಲ್ಲಿದ್ದಿದ್ರೆ ಈ ಚರ್ಚೆಗೆ ಜಾಗವೇ ಇರ್ತಿರಲಿಲ್ಲ.

ಕಾರು ಬಂತು, ನಂಬರ್ ಬಂತು

1899ರ ಮೇ 20ರಂದು ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂನಲ್ಲಿ ಜೇಕಬ್ ಜರ್ಮನ್ ಅನ್ನೋ ಟ್ಯಾಕ್ಸಿ ಡ್ರೈವರ್ ಸಿಕ್ಕಿಬಿದ್ದ. ವೇಗ ಎಷ್ಟು? ಗಂಟೆಗೆ 12 ಮೈಲಿ! ಅಂದ್ರೆ ಸುಮಾರು 19 ಕಿಲೋಮೀಟರ್. ಆಗ ಅಲ್ಲಿನ ಮಿತಿ 8 ಮೈಲಿ. ಹಿಡಿದ ಪೊಲೀಸ್ ಬಂದದ್ದು ಸೈಕಲ್ ಮೇಲೆ. ಇನ್ನೂ ಮಜಾ ಅಂದ್ರೆ ಆ ಟ್ಯಾಕ್ಸಿ ಎಲೆಕ್ಟ್ರಿಕ್ ಕಾರು. ಈಗ ನಾವು ಹೊಸದು ಅಂತ ಬೀಗೋ ಗಾಡಿ ಆಗಲೇ ಓಡ್ತಿತ್ತು, ಓಡಿ ಸಿಕ್ಕಿಬಿದ್ದೂ ಆಗಿತ್ತು. ಅಂದಹಾಗೆ, ಜರ್ಮನ್‌ಗೆ ಚೀಟಿ ಕೊಡಲಿಲ್ಲ, ಸೀದಾ ಲಾಕಪ್ಪಿಗೇ ಹಾಕಿದ್ರು.

1901ರಲ್ಲಿ ಕನೆಕ್ಟಿಕಟ್ ರಾಜ್ಯ ಮೋಟಾರು ಗಾಡಿಗಳಿಗೆ ವೇಗದ ಮಿತಿ ಕಾನೂನು ತಂತು: ಊರೊಳಗೆ 12 ಮೈಲಿ, ಹೊರಗೆ 15. ಅದೇ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಗಾಡಿಯ ಹಿಂದೆ ಮಾಲೀಕನ ಹೆಸರಿನ ಮೊದಲಕ್ಷರಗಳನ್ನು ಹಾಕಬೇಕು ಅಂತಾಯ್ತು. 1903ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರವೇ ನಂಬರ್ ಪ್ಲೇಟ್ ಕೊಡೋಕೆ ಶುರು ಮಾಡಿತು. ಇದು ಸಣ್ಣ ವಿಷಯ ಅಲ್ಲ. ಗಾಡಿಗೊಂದು ಗುರುತು, ಡ್ರೈವರ್‌ಗೊಂದು ಲೈಸೆನ್ಸು ಬಂದ ಮೇಲೆ ಆ ಮನುಷ್ಯನನ್ನು ಲಾಕಪ್ಪಿಗೆ ಎಳೆದೊಯ್ಯೋ ಅಗತ್ಯ ಕಮ್ಮಿಯಾಯ್ತು. "ಇಂಥ ದಿನ ಕೋರ್ಟಿಗೆ ಬಾ" ಅಂತ ಚೀಟಿ ಬರೆದುಕೊಟ್ಟರೆ ಸಾಕು.

ಟಿಕೆಟ್ ಅಂದ್ರೆ ನಿಜಕ್ಕೂ ಇದೇ. ಅದು ದಂಡದ ರಸೀದಿ ಅಲ್ಲ. ಒಂದು ಪುಟದ ದೋಷಾರೋಪ ಪಟ್ಟಿ, ಅದರ ಜೊತೆಗೇ ಸಮನ್ಸ್. ಪೊಲೀಸ್ ಆರೋಪ ಮಾಡಬಹುದು, ತಪ್ಪು ನಡೆಯಿತೋ ಇಲ್ಲವೋ ಅಂತ ತೀರ್ಮಾನಿಸಬೇಕಾದದ್ದು ಬೇರೊಬ್ಬರು. ಅದಕ್ಕೇ ಅದರ ಮೂಲ ಪ್ರತಿ ಕೋರ್ಟಿಗೆ ಹೋಗುತ್ತೆ. ನೀವು ಕೋರ್ಟಿನ ಮೆಟ್ಟಿಲೇ ಹತ್ತದೆ ಅಂಚೆಯಲ್ಲೋ ಆನ್‌ಲೈನಿನಲ್ಲೋ ದಂಡ ಕಟ್ಟಿದ್ರೂ ಲೆಕ್ಕದಲ್ಲಿ ಒಂದು ಕೇಸು ಹುಟ್ಟಿ ಮುಗಿದಿರುತ್ತೆ.

ಜಡ್ಜಿಗೆ ಸಂಬಳ ಕೊಡೋರು ಯಾರು?

ಕೇಳೋಕೆ ಚೆನ್ನಾಗಿದೆ. ಆದ್ರೆ ಆ "ಬೇರೊಬ್ಬರು" ಯಾರು ಅನ್ನೋದೇ ಸಮಸ್ಯೆಯಾಗಿತ್ತು. ಅಮೆರಿಕದ ಹಳ್ಳಿ, ಸಣ್ಣ ಊರುಗಳಲ್ಲಿ ಈ ಕೇಸುಗಳನ್ನು ನೋಡ್ತಿದ್ದವರು ಜಸ್ಟಿಸ್ ಆಫ್ ದಿ ಪೀಸ್ ಅನ್ನೋ ಸ್ಥಳೀಯ ನ್ಯಾಯಾಧೀಶರು, ಇಲ್ಲವೇ ಊರಿನ ಮೇಯರ್. ಹೆಚ್ಚಿನವರು ಕಾನೂನು ಓದಿದವರಲ್ಲ. ಎಷ್ಟೋ ಕಡೆ ಅವರಿಗೆ ಸಂಬಳ ಇಲ್ಲ, ಕೇಸಿಗಿಷ್ಟು ಅಂತ ಫೀಸು. ಕೆಲವು ಕಡೆಯಂತೂ ಆರೋಪಿ ತಪ್ಪಿತಸ್ಥ ಅಂತಾದ್ರೆ ಮಾತ್ರ ಫೀಸು. ತೀರ್ಪು ಏನು ಬರುತ್ತೆ ಅಂತ ಊಹಿಸೋಕೆ ಪಂಚಾಂಗ ಬೇಕಾ?

1927ರಲ್ಲಿ ಇದು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯ್ತು. ಟ್ಯೂಮಿ ವರ್ಸಸ್ ಓಹಾಯೋ ಅಂತ ಕೇಸು. ಅದು ಟ್ರಾಫಿಕ್ ಕೇಸಲ್ಲ, ಪಾನನಿಷೇಧದ ಕಾಲದ ಹೆಂಡದ ಕೇಸು. ಓಹಾಯೋ ರಾಜ್ಯದ ಒಂದು ಹಳ್ಳಿಯ ಮೇಯರ್ ಆರೋಪಿಗೆ 100 ಡಾಲರ್ ದಂಡ ಹಾಕಿದ್ದರು. ಶಿಕ್ಷೆ ಆದದ್ದರಿಂದ ಅವರ ಜೇಬಿಗೆ 12 ಡಾಲರ್ ಬಂದಿತ್ತು. ಶಿಕ್ಷೆ ಕೊಟ್ಟರೆ ಮಾತ್ರ ದುಡ್ಡು ಸಿಗೋ ಜಡ್ಜು ನ್ಯಾಯ ಹೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಸರಿ, ದುಡ್ಡು ಜಡ್ಜಿನ ಜೇಬಿಗೆ ಹೋಗದೆ ಊರಿನ ಖಜಾನೆಗೆ ಹೋದ್ರೆ? ಅದಕ್ಕೆ ಉತ್ತರ ಬರೋಕೆ 45 ವರ್ಷ ಬೇಕಾಯ್ತು. ಅದೇ ಓಹಾಯೋದ ಮನ್ರೋವಿಲ್ ಅನ್ನೋ ಹಳ್ಳಿಯಲ್ಲಿ ವಾರ್ಡ್ ಅನ್ನೋನಿಗೆ ಎರಡು ಟ್ರಾಫಿಕ್ ತಪ್ಪುಗಳಿಗೆ ತಲಾ 50 ಡಾಲರ್ ದಂಡ ಬಿತ್ತು. ದಂಡ ಹಾಕಿದ್ದು ಮೇಯರ್. ಊರಿನ ಹಣಕಾಸು ನೋಡಿಕೊಳ್ತಿದ್ದದ್ದೂ ಅದೇ ಮೇಯರ್. ವಾರ್ಡ್ ಸುಮ್ಮನೆ ಕೂರಲಿಲ್ಲ, ಊರಿನ ಲೆಕ್ಕದ ಪುಸ್ತಕವನ್ನೇ ಕೋರ್ಟಿನ ಮುಂದೆ ತೆರೆದಿಡಿಸಿದ. 1964ರಲ್ಲಿ ಹಳ್ಳಿಯ ಒಟ್ಟು ಆದಾಯ 46,355 ಡಾಲರ್. ಅದರಲ್ಲಿ ಮೇಯರ್ ಕೋರ್ಟಿನಿಂದ ಬಂದದ್ದು 23,589 ಡಾಲರ್. ಅರ್ಧಕ್ಕಿಂತ ಜಾಸ್ತಿ! 1972ರಲ್ಲಿ ಸುಪ್ರೀಂ ಕೋರ್ಟ್ ಇದೂ ನ್ಯಾಯ ಅಲ್ಲ ಅಂತು. ವಾರ್ಡ್‌ನ ವಾದ ನಿಂತದ್ದು ಈ ಅಂಕಿಗಳ ಮೇಲೆ ಅನ್ನೋದನ್ನು ನೆನಪಿಡಿ.

ಡಿಸ್ಟ್ರಿಕ್ಟ್ ಕೋರ್ಟುಗಳು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. 1960-70ರ ದಶಕದಲ್ಲಿ ಹಲವು ರಾಜ್ಯಗಳು ಹಳೆಯ ಪುಡಿ ಕೋರ್ಟುಗಳನ್ನು ತೆಗೆದುಹಾಕಿ, ಸಂಬಳ ಪಡೆಯೋ, ಕಾನೂನು ಓದಿದ ಜಡ್ಜುಗಳಿರೋ ಕೋರ್ಟುಗಳನ್ನು ಮಾಡಿದವು. ಮಿಷಿಗನ್‌ನಲ್ಲಿ 1969ರ ಜನವರಿಯಿಂದ, ಮೇರಿಲ್ಯಾಂಡ್‌ನಲ್ಲಿ 1971ರ ಜುಲೈಯಿಂದ, ವರ್ಜೀನಿಯಾದಲ್ಲಿ 1973ರಿಂದ. ಕೆಂಟಕಿಯ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಕುಡಿದು ಗಾಡಿ ಓಡಿಸಿದ ಒಬ್ಬನಿಗೆ ಜೈಲು ಶಿಕ್ಷೆ ಕೊಟ್ಟ ಜಡ್ಜು ಕಲ್ಲಿದ್ದಲ ಗಣಿ ಕೆಲಸಗಾರ, ಓದಿದ್ದು ಹೈಸ್ಕೂಲು. ಮೇಲ್ಮನವಿಯಲ್ಲಿ ವಕೀಲಿ ಓದಿದ ಜಡ್ಜಿನ ಮುಂದೆ ಮತ್ತೆ ಮೊದಲಿನಿಂದ ವಿಚಾರಣೆಗೆ ಅವಕಾಶ ಇದೆಯಲ್ಲ, ಹಾಗಾಗಿ ಇದು ತಪ್ಪಲ್ಲ ಅಂತ 1976ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟರಲ್ಲಿ ಕೆಂಟಕಿಯ ಮತದಾರರೇ ತಮ್ಮ ಸಂವಿಧಾನ ತಿದ್ದಿಯಾಗಿತ್ತು. 1978ರಲ್ಲಿ ಅಲ್ಲೂ ಡಿಸ್ಟ್ರಿಕ್ಟ್ ಕೋರ್ಟುಗಳು ಬಂದವು.

ಇಲ್ಲೊಂದು ಗೊಂದಲ ಬಗೆಹರಿಸಿಬಿಡ್ತೀನಿ. ನಮ್ಮ ಜಿಲ್ಲಾ ನ್ಯಾಯಾಲಯ ಅಂದ್ರೆ ಜಿಲ್ಲೆಗೇ ದೊಡ್ಡದು, ಕೊಲೆ ಕೇಸೂ ಅಲ್ಲೇ. ಮೇರಿಲ್ಯಾಂಡ್‌ನ ಡಿಸ್ಟ್ರಿಕ್ಟ್ ಕೋರ್ಟ್ ಇದಕ್ಕೆ ತದ್ವಿರುದ್ಧ, ಅದು ಏಣಿಯ ಕೆಳಗಿನ ಮೆಟ್ಟಿಲು. ಇನ್ನು ಕೇಂದ್ರ ಸರ್ಕಾರದ ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟ್ ಅನ್ನೋದು ಮೂರನೆಯದೇ ಒಂದು. ರಾಜ್ಯದ ರಸ್ತೆಯಲ್ಲಿ ಸಿಕ್ಕ ಮಾಮೂಲಿ ಟಿಕೆಟ್ ಹುಡುಕ್ಕೊಂಡು ಅಲ್ಲಿಗೆ ಹೋದ್ರೆ ಬರಿಗೈಲಿ ವಾಪಸ್ ಬರಬೇಕು.

ವಶೀಲಿಗೆ ಮದ್ದು: ಕಾರ್ಬನ್ ಪೇಪರ್

ಇನ್ನೊಂದು ರೋಗ ಇತ್ತು. ನಮಗೆ ಚೆನ್ನಾಗಿ ಪರಿಚಯ ಇರೋದೇ: ವಶೀಲಿ. ಕೌನ್ಸಿಲರ್ ಗೊತ್ತಿದ್ರೆ, ಪೊಲೀಸ್ ಕ್ಯಾಪ್ಟನ್ ನೆಂಟನಾಗಿದ್ರೆ ಟಿಕೆಟ್ ಹರಿದು ಬುಟ್ಟಿಗೆ. ಇದಕ್ಕೆ ಮದ್ದು ಅಂತ 20ನೇ ಶತಮಾನದ ಮಧ್ಯಭಾಗದಲ್ಲಿ ಒಂದೊಂದೇ ರಾಜ್ಯ ಏಕರೂಪದ ಟಿಕೆಟ್ ತಂತು. ಪ್ರತಿ ಟಿಕೆಟ್ಟಿಗೂ ಮೊದಲೇ ಅಚ್ಚಾದ ಕ್ರಮಸಂಖ್ಯೆ. ಕಾರ್ಬನ್ ಇಟ್ಟು ಒಂದೇ ಸಲ ನಾಲ್ಕು ಪ್ರತಿ: ಕೋರ್ಟಿಗೆ ದೂರು, ಪೊಲೀಸರಿಗೆ ಒಂದು, ಡ್ರೈವರ್ ಕೈಗೆ ಸಮನ್ಸ್, ತೀರ್ಪು ಬಂದ ಮೇಲೆ ಅದರ ಸಾರಾಂಶ ಲೈಸೆನ್ಸ್ ಇಲಾಖೆಗೆ. ಒಂದನ್ನು ಹರಿದ್ರೆ ಉಳಿದ ಮೂರು ಸಾಕ್ಷಿ ಹೇಳ್ತವೆ. ನಂಬರ್ ತಪ್ಪಿದ್ರೆ ಲೆಕ್ಕ ಕೇಳೋರು ಬರ್ತಾರೆ.

ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಟ್ರಾನ್ಸಾಕ್ಷನ್ ಐಡಿ, ನಾಲ್ಕು ಕಡೆ ರೆಪ್ಲಿಕೇಷನ್, ಅಳಿಸಲಾಗದ ಲಾಗ್! ಡೇಟಾಬೇಸ್ ಅನ್ನೋ ಪದ ಬಳಕೆಗೆ ಬರೋ ಮೊದಲೇ ಕಾರ್ಬನ್ ಪೇಪರಿನಲ್ಲಿ ಮಾಡಿ ಮುಗಿಸಿದ್ರು. ಲೈಸೆನ್ಸ್ ಇಲಾಖೆಯಲ್ಲಿ ಸಿಗೋದು ಸಾರಾಂಶ ಮಾತ್ರ, ಪೂರ್ತಿ ಕಥೆ ಬೇಕಂದ್ರೆ ಕೋರ್ಟಿಗೇ ಹೋಗಬೇಕು ಅನ್ನೋದಕ್ಕೂ ಕಾರಣ ಇದೇ.

ಹಳೇ ಚೀಟಿಗಳು ಸಾಕ್ಷಿ ಹೇಳಿದ ದಿನ

ಈ ಚೀಟಿಗಳ ನಿಜವಾದ ಬೆಲೆ ತಿಳಿದದ್ದು ನ್ಯೂಜೆರ್ಸಿಯಲ್ಲಿ. ಅಲ್ಲಿನ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಪೊಲೀಸರು ಕಪ್ಪು ಜನರನ್ನೇ ಆರಿಸಿ ನಿಲ್ಲಿಸ್ತಾರೆ ಅನ್ನೋ ಗುಮಾನಿ ಹಳೆಯದು. ಆದರೆ ಗುಮಾನಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡೋದು ಹೇಗೆ? "ನೀವು ಜೋರಾಗಿ ಓಡಿಸಿದ್ರಿ, ಹಿಡಿದೆವು" ಅಂದ್ರೆ ಮುಗೀತು.

ಗ್ಲಾಸ್ಟರ್ ಕೌಂಟಿಯ ಸರ್ಕಾರಿ ವಕೀಲರು, ಅಂದ್ರೆ ಬಡ ಆರೋಪಿಗಳ ಪರವಾಗಿ ವಾದಿಸೋಕೆ ಸರ್ಕಾರವೇ ನೇಮಿಸಿದವರು, ಜಾನ್ ಲ್ಯಾಂಬರ್ತ್ ಅನ್ನೋ ಪ್ರಾಧ್ಯಾಪಕರ ಸಹಾಯ ತಗೊಂಡ್ರು. ಉಪಾಯ ಸರಳ. ಒಂದು ಕಾರಿನಲ್ಲಿ ಕ್ರೂಸ್ ಕಂಟ್ರೋಲ್ 60 ಮೈಲಿಗೆ ಇಟ್ಟು ಹೋಗೋದು. ಅಲ್ಲಿನ ಮಿತಿ 55. ನಮ್ಮನ್ನು ಹಿಂದಿಕ್ಕೋ ಪ್ರತಿ ಕಾರೂ ನಿಯಮ ಮುರೀತಿದೆ ಅಂತ ಅರ್ಥ. ಅದರಲ್ಲಿರೋರ ಬಣ್ಣ ಗುರುತು ಹಾಕ್ಕೊಳ್ಳೋದು. ಲೆಕ್ಕ ಹಾಕಿದಾಗ ನೂರಕ್ಕೆ 98 ಕಾರು ಮಿತಿ ಮೀರಿದ್ದವು! ಅಂದ್ರೆ ಪೊಲೀಸರು ಯಾರನ್ನು ಬೇಕಾದ್ರೂ ನಿಲ್ಲಿಸಬಹುದು. ಮಿತಿ ಮೀರಿದ ಕಾರುಗಳಲ್ಲಿ ಕಪ್ಪು ಜನರಿದ್ದದ್ದು ಶೇಕಡಾ 15.

ಪೊಲೀಸರು ನಿಲ್ಲಿಸಿದ್ದು ಯಾರನ್ನು? ಅದಕ್ಕೆ 1988ರಿಂದ 1991ರ ನಡುವಿನ 35 ದಿನಗಳನ್ನು ಲಾಟರಿಯಂತೆ ಆರಿಸಿ, ಆ ದಿನಗಳ ಟಿಕೆಟ್ಟು, ರೇಡಿಯೋ ಲಾಗು, ಗಸ್ತಿನ ಪುಸ್ತಕ ಎಲ್ಲಾ ಜಾಲಾಡಿದ್ರು. ಸುಮಾರು ಮೂರು ಸಾವಿರ ಸಲ ಗಾಡಿ ನಿಲ್ಲಿಸಿದ ದಾಖಲೆ ಸಿಕ್ತು. ನಿಲ್ಲಿಸಿದವರಲ್ಲಿ ಕಪ್ಪು ಜನರ ಪಾಲು ಸುಮಾರು ಶೇಕಡಾ 35. ಇದರಲ್ಲೂ ಒಂದು ದುಃಖದ ವಿಷಯ ಇದೆ. ಎಷ್ಟೋ ರೇಡಿಯೋ ಲಾಗು, ಗಸ್ತು ಪುಸ್ತಕಗಳನ್ನು ಅವಧಿ ಮುಗೀತು ಅಂತ ಇಲಾಖೆ ಆಗಲೇ ನಾಶ ಮಾಡಿತ್ತು. ಹಾಗಾಗಿ ಹೆಚ್ಚಿನ ಪ್ರಕರಣಗಳಲ್ಲಿ ಡ್ರೈವರ್ ಯಾವ ಜನಾಂಗದವನು ಅಂತ ತಿಳಿಯಲೇ ಇಲ್ಲ. ಉಳಿದಷ್ಟರಲ್ಲೇ ಲೆಕ್ಕ ಹಾಕಬೇಕಾಯ್ತು.

ಅಷ್ಟೇ ಸಾಕಾಯ್ತು. 1996ರ ಮಾರ್ಚ್‌ನಲ್ಲಿ ಸ್ಟೇಟ್ ವರ್ಸಸ್ ಪೆಡ್ರೊ ಸೋಟೊ ಅನ್ನೋ ಕೇಸಿನಲ್ಲಿ ನ್ಯಾಯಾಧೀಶ ರಾಬರ್ಟ್ ಫ್ರಾನ್ಸಿಸ್ ಈ ಲೆಕ್ಕವನ್ನು ಒಪ್ಪಿ ಆರೋಪಿಗಳ ಪರ ತೀರ್ಪು ಕೊಟ್ಟರು. ಸರ್ಕಾರ ಮೇಲ್ಮನವಿ ಹಾಕಿತು. 1999ರಲ್ಲಿ ಬಣ್ಣ ನೋಡಿ ಗಾಡಿ ನಿಲ್ಲಿಸ್ತಿದ್ದದ್ದು ನಿಜ ಅಂತ ತಾನೇ ಒಪ್ಪಿಕೊಂಡು ಮೇಲ್ಮನವಿ ಕೈಬಿಟ್ಟಿತು. ಚಿಲ್ಲರೆ ದಂಡದ ಹಳೇ ಚೀಟಿಗಳು ಒಂದು ಇಡೀ ಪೊಲೀಸ್ ಇಲಾಖೆಯ ಬಾಯಿ ಕಟ್ಟಿದವು.

2015ರಲ್ಲಿ ಮಿಸೌರಿ ರಾಜ್ಯದ ಫರ್ಗ್ಯೂಸನ್ ಊರಿನ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ ಕೊಟ್ಟ ವರದಿಯೂ ಇದೇ ಥರದ್ದು. ಸುಮಾರು 21,000 ಜನಸಂಖ್ಯೆಯ ಆ ಊರಿನ ಕೋರ್ಟು 2013 ಒಂದೇ ವರ್ಷದಲ್ಲಿ 9,000ಕ್ಕೂ ಹೆಚ್ಚು ವಾರೆಂಟ್ ಹೊರಡಿಸಿತ್ತು. ಹೆಚ್ಚಿನವು ಪಾರ್ಕಿಂಗು, ಟ್ರಾಫಿಕ್ ಟಿಕೆಟ್ಟಿನಂಥ ಪುಡಿ ತಪ್ಪುಗಳಿಂದ ಶುರುವಾದವು. ಮನ್ರೋವಿಲ್‌ನ ರೋಗ 40 ವರ್ಷದ ನಂತರವೂ ವಾಸಿಯಾಗಿರಲಿಲ್ಲ. ಅದನ್ನು ತೋರಿಸಿಕೊಟ್ಟದ್ದೂ ಕೋರ್ಟಿನದೇ ಲೆಕ್ಕ.

ಹುಡುಕೋದು ಹೇಗೆ?

ಇಷ್ಟೆಲ್ಲಾ ಕೇಳಿದ ಮೇಲೆ ಗೆಳೆಯರಿಗೆ ಉಪಯೋಗಕ್ಕೆ ಬರೋದನ್ನೂ ಹೇಳಬೇಕಲ್ಲ. ಮೊದಲು ನೆನಪು ಮಾಡಿಕೊಳ್ಳಬೇಕಾದದ್ದು ಟಿಕೆಟ್ ಸಿಕ್ಕ ಜಾಗ, ನೀವು ಆಗ ವಾಸವಿದ್ದ ಊರಲ್ಲ. ಯಾವ ಕೌಂಟಿಯ ರಸ್ತೆಯಲ್ಲಿ ಸಿಕ್ಕಿತೋ ಕೇಸು ಅಲ್ಲಿನ ಕೋರ್ಟಿನಲ್ಲಿರುತ್ತೆ. ಎಲ್ಲಾ ರಾಜ್ಯದಲ್ಲೂ ಅದರ ಹೆಸರು ಡಿಸ್ಟ್ರಿಕ್ಟ್ ಕೋರ್ಟ್ ಅಲ್ಲ. ನ್ಯೂಜೆರ್ಸಿಯಲ್ಲಿ ಮುನಿಸಿಪಲ್ ಕೋರ್ಟು, ಕ್ಯಾಲಿಫೋರ್ನಿಯಾದಲ್ಲಿ ಸುಪೀರಿಯರ್ ಕೋರ್ಟು. ಊರೇ ಮರೆತಿದ್ರೆ ಲೈಸೆನ್ಸ್ ಇಲಾಖೆಯಿಂದ ನಿಮ್ಮ ಡ್ರೈವಿಂಗ್ ರೆಕಾರ್ಡ್ ತರಿಸಿ. ಅದರಲ್ಲಿ ಸುಳಿವು ಸಿಗಬಹುದು.

ಆಮೇಲೆ ಹೆಸರು ಹಾಕಿ ಹುಡುಕಿ. ಮೇರಿಲ್ಯಾಂಡ್ 2006ರಲ್ಲೇ ಕೇಸುಗಳ ಹುಡುಕಾಟವನ್ನು ಅಂತರ್ಜಾಲಕ್ಕೆ ತಂದಿದೆ. ನಮ್ಮ ಹೆಸರುಗಳ ಕಾಟ ಇಲ್ಲೇ ಶುರು! ಇನಿಷಿಯಲ್ ಒಂದು ಕಡೆ ಹೆಸರಿನ ಹಿಂದೆ, ಇನ್ನೊಂದು ಕಡೆ ಮುಂದೆ, ಅಪ್ಪನ ಹೆಸರು ಸರ್‌ನೇಮ್ ಆಗಿ ಕೂತಿರುತ್ತೆ. ತಿರುಗಿಸಿ ಮುರುಗಿಸಿ ಎಲ್ಲಾ ಥರ ಹಾಕಿ ನೋಡಿ. ಸಿಗದಿದ್ರೆ ಕೋರ್ಟಿನ ಕ್ಲರ್ಕ್ ಆಫೀಸಿಗೆ ಬರೆಯಿರಿ. ಕೇಸು ಹೇಗೆ ಮುಗೀತು ಅನ್ನೋದರ ದೃಢೀಕೃತ ಪ್ರತಿ ಕೇಳಿ. ಸಣ್ಣ ಟ್ರಾಫಿಕ್ ಕಡತಗಳನ್ನು ಇಷ್ಟು ವರ್ಷ ಅಂತ ಇಟ್ಟು ನಾಶ ಮಾಡೋ ನಿಯಮಗಳಿವೆ. ಹಾಗಾಗಿದ್ರೆ "ದಾಖಲೆ ಸಿಗಲಿಲ್ಲ" ಅನ್ನೋ ಪತ್ರವನ್ನಾದರೂ ತಗೊಳ್ಳಿ, ಅದೂ ಒಂದು ದಾಖಲೆಯೇ.

ಒಂದು ವಿಚಿತ್ರ ಗಮನಿಸಿ. 1989ರಲ್ಲಿ ರೆಬೆಕಾ ಶೇಫರ್ ಅನ್ನೋ ನಟಿಯನ್ನು ಹುಚ್ಚು ಅಭಿಮಾನಿಯೊಬ್ಬ ಮನೆ ಬಾಗಿಲಲ್ಲೇ ಕೊಂದ. ಅವಳ ವಿಳಾಸ ಅವನಿಗೆ ಸಿಕ್ಕಿದ್ದು ವಾಹನ ಇಲಾಖೆಯ ದಾಖಲೆಯ ಮೂಲಕ. ಇಂಥ ಘಟನೆಗಳ ನಂತರ 1994ರಲ್ಲಿ ವಾಹನ ಇಲಾಖೆಗಳು ವಿಳಾಸದಂಥ ಖಾಸಗಿ ವಿವರ ಹೊರಗೆ ಕೊಡಬಾರದು ಅಂತ ಕಾನೂನು ಬಂತು. ಆದರೆ ಕೋರ್ಟಿನ ಬಾಗಿಲು ತೆರೆದೇ ಇದೆ, ಯಾಕಂದ್ರೆ ಗುಟ್ಟಾಗಿ ನಡೆಯೋ ನ್ಯಾಯವನ್ನು ಯಾರೂ ನಂಬಲ್ಲ. ಅದರ ಬೆಲೆಯನ್ನೂ ಕೊಡಬೇಕು. ಹಿಂದೆ ಇನ್ನೊಬ್ಬರ ಟಿಕೆಟ್ ನೋಡಬೇಕಂದ್ರೆ ಕೋರ್ಟಿಗೆ ಹೋಗಿ ಧೂಳು ತಿನ್ನಬೇಕಿತ್ತು. ಈಗ ಪಕ್ಕದ ಮನೆಯವರು ಚಹಾ ಕುಡೀತಾ ನೋಡಬಹುದು. ನನಗಂತೂ ಈ ವಿಷಯದಲ್ಲಿ ಎರಡು ಮನಸ್ಸು.

ನಮ್ಮ ಕಡೆ?

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ಸರ್ಕಾರ ಅಧಿಕಾರ ಕೊಟ್ಟ ಪೊಲೀಸ್ ಅಧಿಕಾರಿಯೇ ಅನೇಕ ತಪ್ಪುಗಳಿಗೆ ದಂಡ ಕಟ್ಟಿಸಿಕೊಂಡು ಕೇಸು ಮುಗಿಸಬಹುದು. ಹಾಗೆ ಮುಗಿದದ್ದು ಕೋರ್ಟಿಗೆ ಹೋಗೋದೇ ಇಲ್ಲ. ಸುಲಭ ಹೌದು, ನಮ್ಮ ಕೋರ್ಟುಗಳ ಮೇಲೆ ಈಗಿರೋ ಹೊರೆಗೆ ಬೇರೆ ದಾರಿಯೂ ಇಲ್ಲ. ಕ್ಯಾಮೆರಾ ಹಾಕಿದ ದಂಡ ಗಾಡಿಯ ನಂಬರಿಗೆ ಅಂಟಿಕೊಳ್ಳುತ್ತೆ. ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡವರಿಗೆ ಹಳೇ ಮಾಲೀಕನ ಪಾಪವೂ ಪುಕ್ಕಟೆಯಾಗಿ ಬರೋದು ಹೀಗೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಲ್ಲಿ ಜನ ಸೀರೆ ಸೇಲಿಗೆ ನಿಂತ ಹಾಗೆ ಕ್ಯೂ ನಿಂತು ಕಟ್ಟಿದ್ರು. ಆ ಸಂಭ್ರಮದಲ್ಲಿ "ಈ ತಪ್ಪು ನಾನು ಮಾಡಿದ್ದು ಹೌದಾ?" ಅಂತ ಕೇಳಿದವರು ಎಷ್ಟು ಮಂದಿಯೋ.

ನಮ್ಮ ರಸ್ತೆಗಳಲ್ಲಿ ಪೊಲೀಸರು ಯಾರನ್ನು ನಿಲ್ಲಿಸ್ತಾರೆ, ಯಾರನ್ನು ಬಿಡ್ತಾರೆ ಅನ್ನೋದರ ಬಗ್ಗೆ ನಮಗೆಲ್ಲಾ ಗುಮಾನಿಗಳಿವೆ. ಆಟೋದವರಿಗೆ ಒಂದು, ಡೆಲಿವರಿ ಹುಡುಗರಿಗೆ ಒಂದು, ಬೇರೆ ಜಿಲ್ಲೆಯ ನಂಬರ್ ಪ್ಲೇಟಿನವರಿಗೆ ಇನ್ನೊಂದು. ನ್ಯೂಜೆರ್ಸಿಯವರ ಗುಮಾನಿಯೂ ವರ್ಷಗಟ್ಟಲೆ ಹೀಗೇ ಹರಟೆಯ ಮಾತಾಗಿತ್ತು. ಅದು ತೀರ್ಪಾಗಿದ್ದು ಆ ಚೀಟಿಗಳೂ ಲಾಗುಗಳೂ ಒಂದಿಷ್ಟಾದರೂ ಉಳಿದಿದ್ದರಿಂದ. ಹಾಗಾಗಿ ಮುಂದಿನ ಸಲ ಸಿಗ್ನಲ್ಲಿನಲ್ಲಿ ದಂಡ ಕಟ್ಟಬೇಕಾಗಿ ಬಂದ್ರೆ "ರಸೀದಿ ಬೇಡ ಸಾರ್, ಅರ್ಧ ತಗೊಳ್ಳಿ" ಅನ್ನೋ ಮೊದಲು ಸ್ವಲ್ಪ ಯೋಚನೆ ಮಾಡಿ. ಉಳಿಯೋದು ಇನ್ನೂರು ಮುನ್ನೂರು ರೂಪಾಯಿ. ಹೋಗೋದು ಮಾತ್ರ ಇಡೀ ಘಟನೆ ನಡೆದಿತ್ತು ಅನ್ನೋದಕ್ಕಿದ್ದ ಒಂದೇ ಒಂದು ಗುರುತು.

ನಿಮ್ಮಲ್ಲಿ ಯಾರಾದ್ರೂ ಹಳೇ ಟಿಕೆಟ್ ಹುಡುಕ್ಕೊಂಡು ಕೋರ್ಟಿಗೆ ಅಲೆದಿದ್ರೆ, ಅಲ್ಲಿದ್ದರೂ ಸರಿ ಇಲ್ಲಿದ್ದರೂ ಸರಿ, ಏನಾಯ್ತು ಅಂತ ತಿಳಿಸಿ.